ಹಾಯಿದೋಣಿಗೆ ಪೋರ್ಟೆಬಲ್ ಎಸಿ: ಹೊರಹೋದ ಗಾಳಿಯ ಜಾಗಕ್ಕೆ ಯಾವ ಗಾಳಿ ಬರುತ್ತದೆ?

ಪ್ರಶ್ನೆ: ನಾವು ಕುಂಬಳೆಯವರು. 24 ಅಡಿಯ ಫೈಬರ್ ಹಾಯಿದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇವೆ. ಚಂದ್ರಗಿರಿ ಹೊಳೆಯಲ್ಲಿ ಪರಿಚಯದವರ ಜೆಟ್ಟಿಗೆ ಕಟ್ಟಿಡುತ್ತೇವೆ. ರಜೆಯಲ್ಲಿ ವಲಿಯಪರಂಬದ ಹಿನ್ನೀರಿಗೆ ಹೋಗಿ, ಲಂಗರು ಹಾಕಿ, ಒಂದೆರಡು ರಾತ್ರಿ ದೋಣಿಯಲ್ಲೇ ಮಲಗುವುದುಂಟು. ಗಂಡ, ಹೆಂಡತಿ, ಎಂಟು ವರ್ಷದ ಮಗ. ಮಾರ್ಚ್ ಬಂತೆಂದರೆ ಕ್ಯಾಬಿನ್ನಿನಲ್ಲಿ ಸೆಕೆ ತಡೆಯಲಾಗುವುದಿಲ್ಲ. ಅಂಗಡಿಯವರು ಒಂದು ಟನ್ನಿನ ಪೋರ್ಟೆಬಲ್ ಎಸಿ ತೋರಿಸಿ, ‘ಇಷ್ಟು ಚಿಕ್ಕ ಜಾಗಕ್ಕೆ ಧಾರಾಳವಾಯಿತು, ಪೈಪನ್ನು ಹ್ಯಾಚಿನಿಂದ (ಡೆಕ್ಕಿನ ಮುಚ್ಚಳವಿರುವ ಕಿಂಡಿಯಿಂದ) ಹೊರಗೆ ಹಾಕಿದರೆ ಮುಗಿಯಿತು’ ಎಂದರು. ನೆಂಟರೊಬ್ಬರು ಕೂಲರ್ ಸಾಕು ಅನ್ನುತ್ತಾರೆ. ನಮ್ಮಲ್ಲಿ 2 ಕೆವಿಎ ಪೆಟ್ರೋಲ್ ಜನರೇಟರ್ ಇದೆ. ಅದನ್ನು ಕಾಕ್‌ಪಿಟ್ಟಿನಲ್ಲಿ (ದೋಣಿಯ ಹಿಂಭಾಗದ ತೆರೆದ ಕೂರುವ ಜಾಗದಲ್ಲಿ) ಇಟ್ಟು ರಾತ್ರಿಯಿಡೀ ಎಸಿ ಓಡಿಸಬಹುದೇ? ಹಾಯಿ ಏರಿಸಿ ಹೋಗುವಾಗಲೂ ಎಸಿ ಇರಲಿ ಎಂಬುದು ಮಗನ ಆಸೆ.

ಉತ್ತರ: ಜನರೇಟರಿನ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಜನ ಮಲಗಿರುವ ದೋಣಿಯ ಮೇಲೆ ಪೆಟ್ರೋಲ್ ಜನರೇಟರ್ ಓಡಬಾರದು. ಅಂಗಡಿಯವರು ತೋರಿಸಿದ ಜಾತಿಯ ಎಸಿ ಒಳಗಿದ್ದರಂತೂ ಖಂಡಿತ ಕೂಡದು. ಕಾರಣ ಆ ಎಸಿ ಕೆಲಸ ಮಾಡುವ ರೀತಿಯಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ನಮ್ಮಲ್ಲಿ ಸಿಗುವ ಪೋರ್ಟೆಬಲ್ ಎಸಿಗಳಲ್ಲಿ ಹೆಚ್ಚಿನವು ಒಂದೇ ಪೈಪಿನವು. ಯಂತ್ರ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿ ಒಂದು ಪಾಲನ್ನು ತಣಿಸಿ ಕೋಣೆಗೆ ಬಿಡುತ್ತದೆ. ಇನ್ನೊಂದು ಪಾಲನ್ನು ತನ್ನ ಬಿಸಿ ಸುರುಳಿಯ ಮೇಲೆ ಹಾಯಿಸಿ ಪೈಪಿನಿಂದ ಹೊರಗೆ ತಳ್ಳುತ್ತದೆ. ಒಂದು ಟನ್ನಿನ ಯಂತ್ರ ಹೀಗೆ ತಳ್ಳುವ ಗಾಳಿ ಗಂಟೆಗೆ ಸುಮಾರು 250 ಘನ ಮೀಟರ್. ನಿಮ್ಮ ಕ್ಯಾಬಿನ್ನಿನ ಒಳಜಾಗ ಹೆಚ್ಚೆಂದರೆ 8 ಘನ ಮೀಟರ್ ಇದ್ದೀತು. ಅಂದರೆ ಎರಡು ನಿಮಿಷಕ್ಕೊಮ್ಮೆ ಕ್ಯಾಬಿನ್ನಿನ ಅಷ್ಟೂ ಗಾಳಿ ಹೊರಗೆ ಹೋಗಿ, ಅಷ್ಟೇ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ಒಳಗೆ ಬರುತ್ತಿರುತ್ತದೆ. ಹೆಸರಿಗೆ ಎಸಿ, ಕೆಲಸದಲ್ಲಿ ಅದು ಅರ್ಧ ಎಕ್ಸಾಸ್ಟ್ ಫ್ಯಾನ್.

ಹಾಗೆ ಬರುವ ಗಾಳಿ ನಮ್ಮ ಕರಾವಳಿಯದು ಎಂಬುದನ್ನು ಮರೆಯಬೇಡಿ. ಹೊರಗೆ 31 ಡಿಗ್ರಿ ಬಿಸಿ, ಶೇ. 75 ತೇವ ಇದ್ದು, ಒಳಗೆ 26 ಡಿಗ್ರಿ, ಶೇ. 55 ತೇವ ಬೇಕೆಂದುಕೊಳ್ಳಿ. ಗಂಟೆಗೆ 250 ಘನ ಮೀಟರ್ ಹೊರಗಾಳಿಯನ್ನು ಆ ಮಟ್ಟಕ್ಕೆ ಇಳಿಸುವುದಕ್ಕೇ ಸುಮಾರು 2.4 ಕಿಲೋವ್ಯಾಟ್ ತಂಪು ಬೇಕು. ಒಂದು ಟನ್ ಅಂದರೆ 3.5 ಕಿಲೋವ್ಯಾಟ್. ಮೂರರಲ್ಲಿ ಎರಡು ಪಾಲು ತಾನೇ ಎಳೆದು ತಂದ ಸೆಕೆಯನ್ನು ಒಣಗಿಸುವುದರಲ್ಲಿ ಖರ್ಚು. ಅಮೆರಿಕದ ಇಂಧನ ಇಲಾಖೆ ಪೋರ್ಟೆಬಲ್ ಎಸಿಗಳಿಗೆಂದೇ ಎಸ್‌ಎಸಿಸಿ ಎಂಬ ಬೇರೆ ಅಳತೆ ತಂದದ್ದಕ್ಕೆ ಇದೂ ಒಂದು ಕಾರಣ. ಹಳೆಯ ಅಳತೆಯಲ್ಲಿ 14,000 ಬಿಟಿಯು (ತಂಪಿನ ಅಳತೆ, ಒಂದು ಟನ್ ಅಂದರೆ 12,000) ಎಂದು ಬರೆದಿದ್ದ ಯಂತ್ರ ಹೊಸದರಲ್ಲಿ 10,000ದ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಡಬ್ಬದ ಮೇಲಿನ ‘1 ಟನ್’ ನೋಡಿ ಲೆಕ್ಕ ಹಾಕಿದರೆ ಮೋಸಹೋಗುತ್ತೀರಿ.

ತಂಪು ಸ್ವಲ್ಪ ಕಡಿಮೆಯಾದರೆ ಸಹಿಸಬಹುದು. ಗಾಳಿ ಯಾವ ಸಂದಿಯಿಂದ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಮನೆಯಲ್ಲಾದರೆ ಬಾಗಿಲಡಿಯಿಂದ ಪಕ್ಕದ ಕೋಣೆಯ ಗಾಳಿ ಬರುತ್ತದೆ. ದೋಣಿಯಲ್ಲಿ ಸಂದಿಗಳಿರುವುದು ನೆಲದ ಹಲಗೆಯಡಿ ನೀರು ನಿಲ್ಲುವ ಬಿಲ್ಜಿನ ಕಡೆ, ಶೌಚದ ಮೂಲೆಯಲ್ಲಿ, ಔಟ್‌ಬೋರ್ಡ್ ಎಂಜಿನ್ನಿನ ಪೆಟ್ರೋಲ್ ಟ್ಯಾಂಕಿಟ್ಟ ಕಾಕ್‌ಪಿಟ್ ಲಾಕರಿನಲ್ಲಿ. ಯಂತ್ರ ಅಲ್ಲಿಂದ ಎಳೆಯುತ್ತದೆ. ಪರೀಕ್ಷಿಸುವುದು ಸುಲಭ. ಜೆಟ್ಟಿಯಲ್ಲಿರುವಾಗ ಪೆಟ್ರೋಲ್ ಟ್ಯಾಂಕನ್ನೂ ಗ್ಯಾಸ್ ಸಿಲಿಂಡರನ್ನೂ ದೋಣಿಯಿಂದ ಇಳಿಸಿ, ಲಾಕರನ್ನು ಅರ್ಧ ಗಂಟೆ ತೆರೆದು ಗಾಳಿಯಾಡಲು ಬಿಡಿ. ನಂತರ ಎಲ್ಲ ಹ್ಯಾಚ್ ಮುಚ್ಚಿ, ಎಸಿ ಹಾಕಿ, ಒಂದು ಅಗರಬತ್ತಿ ಹಚ್ಚಿ ಪ್ರತಿ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ನಿಮ್ಮ ಕಡೆಗೆ ಬಾಗಿದ ಕಡೆಯೆಲ್ಲ ಗಾಳಿ ಒಳಗೆ ಬರುತ್ತಿದೆ. ಲಾಕರಿನ ಮುಚ್ಚಳದ ಹತ್ತಿರ ಬಾಗಿತೆಂದರೆ, ನಾಳೆ ಅದೇ ದಾರಿಯಲ್ಲಿ ಪೆಟ್ರೋಲಿನ ಆವಿ ಬರುತ್ತದೆ.

ಈಗ ಕಾಕ್‌ಪಿಟ್ಟಿನಲ್ಲಿ ಜನರೇಟರ್ ಇಟ್ಟಿರಿ ಅಂದುಕೊಳ್ಳಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು. ದೋಣಿಯಲ್ಲಿ ಇದನ್ನೆಲ್ಲ ಸಮುದ್ರದ ಕಾಯಿಲೆ ಎಂದುಕೊಂಡು ಮಲಗಿಬಿಡುವವರೇ ಹೆಚ್ಚು. ಒಳಗಿನ ಎಸಿ ಎರಡು ನಿಮಿಷಕ್ಕೊಮ್ಮೆ ಹೊರಗಿನ ಗಾಳಿಯನ್ನು ಎಳೆಯುತ್ತಿದ್ದರೆ, ಕಾಕ್‌ಪಿಟ್ಟಿನ ಹೊಗೆಯನ್ನೂ ಎಳೆದು ನೇರ ಹಾಸಿಗೆಯ ಮೇಲೆ ಬಿಡುತ್ತದೆ. ‘ಗಾಳಿ ಬೀಸುವ ದಿಕ್ಕು ನೋಡಿ ಇಡುತ್ತೇವೆ’ ಎನ್ನುವ ಸಮಾಧಾನ ಹಿನ್ನೀರಿನಲ್ಲಿ ನಡೆಯದು. ವಲಿಯಪರಂಬದಂಥ ಕಡೆ ಲಂಗರು ಹಾಕಿದ ದೋಣಿ ಗಾಳಿಗೆ ಮಾತ್ರ ಮುಖಮಾಡಿ ನಿಲ್ಲುವುದಿಲ್ಲ, ಉಬ್ಬರ ಇಳಿತದ ಹರಿವಿಗೂ ತಿರುಗುತ್ತದೆ. ಹೆಚ್ಚುಕಡಿಮೆ ಆರು ಗಂಟೆಗೊಮ್ಮೆ ಹರಿವು ಬದಲು. ರಾತ್ರಿ ಹತ್ತಕ್ಕೆ ಹಿಂದಕ್ಕೆ ಹೋಗುತ್ತಿದ್ದ ಹೊಗೆ ಎರಡು ಗಂಟೆಗೆ, ನೀವು ಗಾಢ ನಿದ್ದೆಯಲ್ಲಿರುವಾಗ, ಬಾಗಿಲಿನ ಕಡೆಗೇ ಬರಬಹುದು. ಸಂಜೆ ಎಲ್ಲರೂ ಎಚ್ಚರವಿದ್ದು ಜೆಟ್ಟಿಯ ಮೇಲೆ, ದೋಣಿಯಿಂದ ಏಳೆಂಟು ಮೀಟರ್ ದೂರದಲ್ಲಿ ಜನರೇಟರ್ ಇಟ್ಟು ಒಂದೆರಡು ತಾಸು ಬ್ಯಾಟರಿ ತುಂಬಿಸಿಕೊಳ್ಳುವುದಾದರೆ ಆಗಲಿ. ಎಸಿ ಹಾಕಿ, ಹಾಕದಿರಿ, ಕ್ಯಾಬಿನ್ನಿನಲ್ಲಿ ಬ್ಯಾಟರಿಯಿಂದ ಓಡುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು. ಇಎನ್ 50291-2 ಎಂದು ಬರೆದಿರುವುದನ್ನು ಕೊಳ್ಳಿ, ಅದು ದೋಣಿ ಮತ್ತು ಕ್ಯಾರವಾನುಗಳಿಗೆಂದೇ ಇರುವ ಮಾನದಂಡ. ಪಕ್ಕದ ಬೋಟಿನವರ ಹೊಗೆಯೂ ನಿಮ್ಮೊಳಗೆ ಬರಬಹುದಲ್ಲ.

ಕೂಲರಿನ ಮಾತು ಬೇಗ ಮುಗಿಸುತ್ತೇನೆ. ಕೂಲರ್ ನೀರನ್ನು ಆವಿ ಮಾಡಿ ತಂಪು ಕೊಡುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕುಂಬಳೆಯಲ್ಲಿ 31 ಡಿಗ್ರಿ, ಶೇ. 75 ತೇವ ಇರುವಾಗ ಎಷ್ಟೇ ಒಳ್ಳೆಯ ಕೂಲರಾದರೂ 27 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಇಳಿಸಿದ ಗಾಳಿಯಲ್ಲಿ ತೇವ ನೂರರ ಹತ್ತಿರ. ಬೆವರು ಆರುವುದಿಲ್ಲ, ಹಾಸಿಗೆ ಒದ್ದೆ, ವಾರದಲ್ಲಿ ಬೂಸು. ಯುಎಸ್‌ಬಿಗೆ ಸಿಕ್ಕಿಸುವ ‘ಮಿನಿ ಎಸಿ’ಗಳೂ ಇದೇ ಜಾತಿ, ದುಡ್ಡು ದಂಡ.

ಹಾಗಾದರೆ ಎಷ್ಟು ಸಾಮರ್ಥ್ಯ ಬೇಕು? ದೋಣಿಯ ಎಸಿ ಕೂರಿಸುವವರು ಡೆಕ್ಕಿನ ಕೆಳಗಿನ ಕ್ಯಾಬಿನ್ನಿಗೆ ಚದರಡಿಗೆ 60ರಿಂದ 90 ಬಿಟಿಯು ಹಿಡಿಯುತ್ತಾರೆ. ನಿಮ್ಮದು 65-70 ಚದರಡಿ ಇರಬಹುದು. ಹಾಗಾದರೆ 4,000ದಿಂದ 6,500 ಬಿಟಿಯು, ಅಂದರೆ ಅರ್ಧ ಟನ್ನಿನ ಸುತ್ತಮುತ್ತ. ‘ಚಿಕ್ಕ ಜಾಗಕ್ಕೆ ಧಾರಾಳ’ ಎಂದು ದೊಡ್ಡದು ಕೊಂಡರೂ ತೊಂದರೆ ಇದೆ. ಗಾಳಿ ಸೋರದ, ವೇಗ ಬದಲಿಸದ ಕಂಪ್ರೆಸರಿನ ಒಂದು ಟನ್ ಯಂತ್ರ ಐದು ನಿಮಿಷದಲ್ಲಿ ಉಷ್ಣತೆ ಇಳಿಸಿ ನಿಂತುಬಿಡುತ್ತದೆ. ತೇವ ಹೀರಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಗವಿಯೊಳಗಿನ ಹಾಗೆ ತಣ್ಣಗೆ ಮತ್ತು ಒದ್ದೆ.

ನಿಮ್ಮ ದೋಣಿ ಹೆಚ್ಚಿನ ದಿನ ಜೆಟ್ಟಿಯಲ್ಲೇ ಇರುವುದರಿಂದ ನನ್ನ ಮೊದಲ ಆಯ್ಕೆ ಪೋರ್ಟೆಬಲ್ ಅಲ್ಲವೇ ಅಲ್ಲ. ಮುಕ್ಕಾಲು ಟನ್ನಿನ ಒಂದು ಚಿಕ್ಕ ವಿಂಡೋ ಎಸಿ. ಕಾಕ್‌ಪಿಟ್ಟಿನಿಂದ ಒಳಗಿಳಿಯುವ ಬಾಗಿಲಿಗೆ ಹಾಕುವ ಹಲಗೆಗಳನ್ನು ತೆಗೆದು, ಅದೇ ಅಳತೆಗೆ 12 ಮಿ.ಮೀ. ಮರೈನ್ ಪ್ಲೈವುಡ್ಡಿನ ಹಲಗೆ ಕತ್ತರಿಸಿ, ಅದರ ನಡುವೆ ಎಸಿ ಕೂರಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಚ್ಚುವುದು. ವಿಂಡೋ ಎಸಿಯ ಬಿಸಿ ಭಾಗ ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುತ್ತದೆ, ಕ್ಯಾಬಿನ್ನಿನಿಂದ ಗಾಳಿ ಕದಿಯುವುದಿಲ್ಲ. ಕಂಪ್ರೆಸರಿನ ಸದ್ದೂ ಹೊರಗೆ. ಯಂತ್ರವನ್ನು ಹೊರಮುಖವಾಗಿ 5-10 ಮಿ.ಮೀ. ಇಳಿಜಾರು ಇಟ್ಟರೆ ನೀರು ಕಾಕ್‌ಪಿಟ್ಟಿಗೆ ಬಿದ್ದು ಅಲ್ಲಿನ ತೂತುಗಳಿಂದ ತಾನಾಗಿ ಹೊಳೆಗೆ ಹೋಗುತ್ತದೆ. 35-40 ಕಿಲೋ ತೂಕವನ್ನು ಪ್ಲೈವುಡ್ ಹೊರಬಾರದು. ಕಾಕ್‌ಪಿಟ್ಟಿನ ನೆಲಕ್ಕೆ ನಿಲ್ಲುವ ಮರದ ಚೌಕಟ್ಟು ಮಾಡಿ, ಬೆಲ್ಟ್ ಬಿಗಿಯಿರಿ.

ಇದರ ದೋಷ ಒಂದೇ, ಆದರೆ ಅದು ಗಂಭೀರ: ಮುಖ್ಯ ಬಾಗಿಲು ಮುಚ್ಚಿಹೋಗುತ್ತದೆ. ಮುಂಭಾಗದ ಹ್ಯಾಚಿನ ಬಾಯಿ ಕನಿಷ್ಠ 50 ಸೆಂ.ಮೀ. ಚೌಕವಿದ್ದು, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿದ್ದು, ನೀವು ಮೂವರೂ ಕತ್ತಲಲ್ಲಿ ಅದರಿಂದ ಹೊರಬರಬಲ್ಲಿರಾದರೆ ಮಾತ್ರ ಈ ದಾರಿ. ಮಗನ ಕೈಗೆ ಅದರ ಹಿಡಿ ಎಟಕುತ್ತದೆಯೇ ಎಂದು ಮಾಡಿಸಿ ನೋಡಿ. ಇಲ್ಲವಾದರೆ ಬಿಡಿ.

ಆಗ ಉಳಿಯುವುದು ಎರಡು ಪೈಪಿನ ಪೋರ್ಟೆಬಲ್. ಒಂದು ಪೈಪಿನಿಂದ ಹೊರಗಾಳಿ ತಂದು ಬಿಸಿ ಸುರುಳಿಯನ್ನು ತಣಿಸಿ, ಇನ್ನೊಂದರಿಂದ ಹೊರಗೆ ಕಳಿಸುತ್ತದೆ. ಕ್ಯಾಬಿನ್ನಿನ ಗಾಳಿ ಕ್ಯಾಬಿನ್ನಿನಲ್ಲೇ ಸುತ್ತುತ್ತದೆ. ನಮ್ಮ ಅಂಗಡಿಗಳಲ್ಲಿ ಅಪರೂಪ. ಒಂದೇ ಪೈಪಿನದಕ್ಕೆ ಎರಡನೆಯದನ್ನು ಜೋಡಿಸಿಕೊಳ್ಳುವವರೂ ಇದ್ದಾರೆ. ಯಂತ್ರದ ಹಿಂದೆ ಗಾಳಿ ಎಳೆಯುವ ಜಾಲರಿ ಸಾಮಾನ್ಯವಾಗಿ ಎರಡು. ಮೇಲಿನದು ತಂಪು ಸುರುಳಿಯದು, ಕೆಳಗಿನದು ಬಿಸಿ ಸುರುಳಿಯದು. ಎರಡೂ ಪ್ರತ್ಯೇಕವಾಗಿದ್ದರೆ ಕೆಳಗಿನ ಜಾಲರಿಗೆ ಪಿವಿಸಿ ಫೋಮ್ ಶೀಟಿನ ಪೆಟ್ಟಿಗೆ ಹಚ್ಚಿ, 15 ಸೆಂ.ಮೀ. ವ್ಯಾಸದ ಪೈಪು ಸೇರಿಸಬಹುದು. ವಾರಂಟಿ ಹೋಗುತ್ತದೆ. ಪೈಪು ಉದ್ದವಾದರೆ ಅಥವಾ ಬಳುಕಿದರೆ ಒಳಗಿನ ಫ್ಯಾನಿಗೆ ಎಳೆಯಲು ಶಕ್ತಿ ಸಾಲದೆ ಕಂಪ್ರೆಸರ್ ಕಾದು ಟ್ರಿಪ್ ಆಗುತ್ತದೆ. ಒಂದೂವರೆ ಮೀಟರ್ ಮೀರಬೇಡಿ. ಬಿಸಿ ಪೈಪಿನ ಮೈ 45-50 ಡಿಗ್ರಿಗೆ ಏರುವುದರಿಂದ ಅದಕ್ಕೆ ನೈಟ್ರೈಲ್ ಫೋಮ್ ಸುತ್ತದಿದ್ದರೆ ಅದೇ ಒಂದು ಹೀಟರ್.

ಪೋರ್ಟೆಬಲ್ ಯಾವುದೇ ಇರಲಿ, ನೀರಿನ ಸಮಸ್ಯೆ ಬಂದೇ ಬರುತ್ತದೆ. ‘ನೀರು ತಾನಾಗಿ ಆವಿಯಾಗುತ್ತದೆ, ಚೆಲ್ಲಬೇಕಾಗಿಲ್ಲ’ ಎಂದು ಕಂಪನಿ ಹೇಳುವುದು ಒಣ ಊರಿನ ಲೆಕ್ಕ. ಇಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಸೇರಬಹುದು. ಬಿಸಿ ಸುರುಳಿ ಅಷ್ಟನ್ನೂ ಆರಿಸಲಾರದೆ ತೊಟ್ಟಿ ತುಂಬಿ, ನಡುರಾತ್ರಿ ಯಂತ್ರ ನಿಲ್ಲುತ್ತದೆ. ನೀರು ಬಿಡುವ ತೂತು ತಳದಿಂದ ನಾಲ್ಕು ಬೆರಳು ಎತ್ತರದಲ್ಲಿದೆ, ನಿಮ್ಮ ಕ್ಯಾಬಿನ್ನಿನ ನೆಲ ಹೆಚ್ಚುಕಡಿಮೆ ಹೊಳೆಯ ನೀರಿನ ಮಟ್ಟದಲ್ಲಿದೆ. ತಾನಾಗಿ ಹೊರಹರಿಯುವ ಮಾತೇ ಇಲ್ಲ. ನೆಲದ ಹಲಗೆಯ ಕೆಳಗೆ 10 ಲೀಟರಿನ ಕ್ಯಾನ್ ಇಟ್ಟು ಅದಕ್ಕೆ ನಳಿಗೆ ಬಿಡಿ, ಅಥವಾ ಎಸಿ ನೀರೆತ್ತುವ ಸಣ್ಣ ಪಂಪ್ ಹಾಕಿ. ಬಿಲ್ಜಿಗೆ ಸುಮ್ಮನೆ ಹರಿಯಬಿಟ್ಟರೆ ಬಿಲ್ಜ್ ಪಂಪ್ ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ.

ಕೊಳ್ಳುವ ಮೊದಲು ಹಿಂಬದಿಯ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಓದಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆರ್-290 ಎಂದಿದ್ದರೆ ಅದು ಶುದ್ಧ ಪ್ರೊಪೇನ್. ಗಾಳಿಯಲ್ಲಿ ಘನ ಮೀಟರಿಗೆ 38 ಗ್ರಾಂ ಆದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. 250 ಗ್ರಾಂ ಗ್ಯಾಸ್ ನಿಮ್ಮ 8 ಘನ ಮೀಟರಿನಲ್ಲಿ ಸೋರಿದರೆ ಸರಾಸರಿಯೇ 31 ಗ್ರಾಂ. ಗಾಳಿಗಿಂತ ಭಾರವಾದ್ದರಿಂದ ಅದು ಬಿಲ್ಜಿಗೆ ಇಳಿದು, ಅಲ್ಲಿ 38ನ್ನು ಸುಲಭವಾಗಿ ದಾಟುತ್ತದೆ. ಬಿಲ್ಜ್ ಪಂಪಿನ ಸ್ವಿಚ್ಚೂ ಅಲ್ಲೇ ಇದೆ. ಹಾಗಾಗಿ ಆರ್-290 ದೋಣಿಯೊಳಗೆ ಬೇಡ. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸೇ. ಆದರೆ ಅದಕ್ಕೆ ಘನ ಮೀಟರಿಗೆ ಸುಮಾರು 300 ಗ್ರಾಂ ಬೇಕು, ಅರ್ಧ ಕಿಲೋ ಸೋರಿದರೂ ನಿಮ್ಮಲ್ಲಿ ಸರಾಸರಿ 60ರ ಆಸುಪಾಸು. ಅಪಾಯ ಬಹಳ ಕಡಿಮೆ. ಆದರೂ ಕೈಪಿಡಿಯಲ್ಲಿ ಕನಿಷ್ಠ ಕೋಣೆಯ ವಿಸ್ತೀರ್ಣ ಎಷ್ಟೆಂದು ನೋಡಿ, ನಿಮ್ಮದು ಆರು ಚದರ ಮೀಟರ್ ಎಂಬುದನ್ನು ನೆನಪಿಡಿ. ವಿಂಡೋ ಎಸಿಯಲ್ಲಿ ಗ್ಯಾಸಿನ ಬಹುಪಾಲು ಕೊಳವೆ ಬಾಗಿಲಿನ ಆಚೆಗಿರುತ್ತದೆ. ಅದೂ ನನ್ನ ಆಯ್ಕೆಗೆ ಒಂದು ಕಾರಣ.

ಜೆಟ್ಟಿಯ ಕರೆಂಟಿನ ವಿಷಯ. ಮುಕ್ಕಾಲು ಟನ್ ಎಸಿ ಓಡುವಾಗ 4 ಆಂಪಿಯರ್ ಎಳೆದರೂ, ಶುರುವಾಗುವ ಕ್ಷಣಕ್ಕೆ 20 ದಾಟಬಹುದು. ಮನೆಯಿಂದ 30 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವಯರ್ ಎಳೆದಿದ್ದರೆ ಆ ಕ್ಷಣದಲ್ಲಿ 16 ವೋಲ್ಟ್ ವಯರಿನಲ್ಲೇ ಬೀಳುತ್ತದೆ. ಸಂಜೆ ಮೊದಲೇ 195 ವೋಲ್ಟ್ ಇರುವ ಕಡೆ ಕಂಪ್ರೆಸರ್ ಗುಂಯ್ ಎಂದು ತಿರುಗದೆ ನಿಲ್ಲುತ್ತದೆ, ಹೀಗೇ ಕೆಲವು ಸಲ ಆದರೆ ಸುಟ್ಟುಹೋಗುತ್ತದೆ. 2.5 ಚದರ ಮಿ.ಮೀ.ನ ಮೂರು ಎಳೆಯ ರಬ್ಬರ್ ಕೇಬಲ್, 16 ಆಂಪಿಯರ್ ಪ್ಲಗ್, ದಡದ ತುದಿಯಲ್ಲಿ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲಿ. ಇಎಲ್‌ಸಿಬಿ ಇಲ್ಲದೆ 230 ವೋಲ್ಟನ್ನು ದೋಣಿಗೆ ತರಬೇಡಿ. ಕೇಬಲ್ ಸುಲಿದು ನೀರಿಗೆ ಕರೆಂಟ್ ಇಳಿದರೆ ದೋಣಿಯಲ್ಲಿದ್ದವರಿಗಿಂತ ಪಕ್ಕದಲ್ಲಿ ಈಜುವ ಮಕ್ಕಳಿಗೆ ಅಪಾಯ ಹೆಚ್ಚು. ಪ್ರತಿ ಸಲ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿಯೇ ಹತ್ತಿ. ಜೆಟ್ಟಿಯ ಮೂಲೆಗೆ ಕೇಬಲ್ ಉಜ್ಜದಂತೆ ಹಳೆ ಹೋಸ್ ಪೈಪಿನ ತುಂಡನ್ನು ಅದಕ್ಕೆ ಸೀಳಿ ತೊಡಿಸಿ.

ಲಂಗರು ಹಾಕಿದ ಕಡೆ ಕರೆಂಟಿಲ್ಲ. ಬ್ಯಾಟರಿಯಲ್ಲಿ ಓಡಿಸುವ ಲೆಕ್ಕ ಹೀಗಿದೆ: ರಾತ್ರಿ ಎಂಟು ಗಂಟೆಗೆ ಸರಾಸರಿ 400 ವ್ಯಾಟ್ ಹಿಡಿದರೂ 3.2 ಯೂನಿಟ್, ಇನ್ವರ್ಟರಿನ ನಷ್ಟ ಸೇರಿ 3.7. ಲಿಥಿಯಂ ಐರನ್ ಫಾಸ್ಫೇಟ್ ಆದರೆ 12 ವೋಲ್ಟ್, 100 ಆಂಪಿಯರ್-ಅವರಿನವು ನಾಲ್ಕು ಬೇಕು, ಸುಮಾರು 45-50 ಕಿಲೋ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ, ಹಾಗಾಗಿ 150ರವು ನಾಲ್ಕು, 200 ಕಿಲೋಗೂ ಮೇಲೆ. 24 ಅಡಿಯ ದೋಣಿಗೆ ಅದು ಮೂವರು ದೊಡ್ಡವರನ್ನು ಖಾಯಂ ಕೂರಿಸಿಕೊಂಡ ಹಾಗೆ. 400 ವ್ಯಾಟಿನ ಸೋಲಾರ್ ಬೇಸಿಗೆಯಲ್ಲೂ ದಿನಕ್ಕೆ ಒಂದೂವರೆ ಯೂನಿಟ್ಟಿನಷ್ಟು ಕೊಟ್ಟೀತು, ಅಂದರೆ ಅರ್ಧ ರಾತ್ರಿ. ವರ್ಷಕ್ಕೆ ಹತ್ತಾರು ರಾತ್ರಿಗೆ ಇಷ್ಟು ಖರ್ಚು ನನಗೆ ಸರಿಕಾಣುವುದಿಲ್ಲ. ಸಮುದ್ರದ ನೀರಿನಿಂದ ತಣಿಯುವ ಮರೈನ್ ಎಸಿಗೂ ಇದೇ ವಿದ್ಯುತ್ತಿನ ಕಷ್ಟ. ಜೊತೆಗೆ ತಳದಲ್ಲಿ ತೂತು ಕೊರೆಯಬೇಕು, ಹಿನ್ನೀರಿನ ಕೆಸರಿಗೂ ಕಸಕ್ಕೂ ಅದರ ಜಾಲರಿ ಪದೇಪದೇ ಕಟ್ಟುತ್ತದೆ.

ಹಿನ್ನೀರಿನ ರಾತ್ರಿಗಳಿಗೆ ನಾನು ಹೇಳುವುದು ನೆರಳು, ಗಾಳಿ, ಮಂಜುಗಡ್ಡೆ. ಮಧ್ಯಾಹ್ನದಿಂದಲೇ ಬೂಮಿನ (ಹಾಯಿಯ ಕೆಳ ಅಂಚಿನ ಅಡ್ಡಗಂಬದ) ಮೇಲೆ ಬಿಳಿ ಕ್ಯಾನ್ವಾಸ್ ಚಪ್ಪರ ಕಟ್ಟಿ, ಡೆಕ್ಕಿಗೆ ತಾಗದಂತೆ ಗೇಣು ಅಂತರ ಬಿಡಿ. ರಾತ್ರಿ ಹತ್ತರವರೆಗೂ ಒಳಗೆ ಕಾಯಿಸುವುದು ಹಗಲು ಬಿಸಿಲು ಕುಡಿದ ಫೈಬರ್ ಡೆಕ್ಕೇ. ಮುಸ್ಸಂಜೆಗೆ ನಾಲ್ಕು ಬಕೆಟ್ ಹೊಳೆನೀರು ಸುರಿದರೆ ಕೈಯಿಟ್ಟು ನೋಡಿಯೇ ವ್ಯತ್ಯಾಸ ತಿಳಿಯುತ್ತದೆ. ಮುಂದಿನ ಹ್ಯಾಚಿಗೆ ಗಾಳಿ ಹಿಡಿಯುವ ಬಟ್ಟೆಯ ಸೆರಗು ಕಟ್ಟಿ. 12 ವೋಲ್ಟಿನ ಮೂರು ಫ್ಯಾನ್ ರಾತ್ರಿಯಿಡೀ ಓಡಿದರೂ ಏಳೆಂಟು ಆಂಪಿಯರ್-ಅವರ್ ಅಷ್ಟೇ.

ಮಂಜುಗಡ್ಡೆಯನ್ನು ಜನ ಕಡೆಗಣಿಸುತ್ತಾರೆ. ಮೀನುಗಾರಿಕೆಯ ಊರುಗಳಲ್ಲಿ ಅದಕ್ಕೇನೂ ಬರವಿಲ್ಲ. 25 ಕಿಲೋ ಐಸ್ ಕರಗುವಾಗ ಹೀರುವ ಬಿಸಿ 2.3 ಯೂನಿಟ್. ಎಂಟು ಗಂಟೆಗೆ ಹಂಚಿದರೆ ಸುಮಾರು 290 ವ್ಯಾಟ್ ತಂಪು. ಮಲಗಿರುವ ಮೂವರ ಮೈಬಿಸಿ 200 ವ್ಯಾಟಿನ ಆಸುಪಾಸು. ಇಡೀ ಕ್ಯಾಬಿನ್ ಫ್ರಿಜ್ಜಾಗದು, ಆದರೆ ಹಾಸಿಗೆಯ ಮೇಲೆ ಬಿಟ್ಟರೆ ನಿದ್ದೆ ಬರುತ್ತದೆ. ಮೀನಿನ ಥರ್ಮಾಕೋಲ್ ಪೆಟ್ಟಿಗೆ, 60 ಲೀಟರಿನದು, ಹೊಸದನ್ನೇ ತನ್ನಿ. ಮುಚ್ಚಳಕ್ಕೆ ಎರಡು ತೂತು: ಒಂದರಲ್ಲಿ ಒಳಕ್ಕೆ ಊದುವ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಇನ್ನೊಂದಕ್ಕೆ ನಾಲ್ಕಿಂಚಿನ ಪಿವಿಸಿ ಬೆಂಡ್. ಐಸ್ ಪ್ಲಾಂಟಿನ ಗಡ್ಡೆಯನ್ನು ಒಡೆದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿ, ಅಥವಾ ಮನೆಯ ಫ್ರೀಜರಿನಲ್ಲಿ ಎರಡು ಲೀಟರಿನ ಬಾಟಲಿಗಳನ್ನೇ ಕಟ್ಟಿಸಿ, ಆಗ ವಾಸನೆಯೂ ಇಲ್ಲ, ನೀರು ತುಳುಕುವುದೂ ಇಲ್ಲ. ಕೂಲರಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ: ತಣ್ಣನೆ ಡಬ್ಬದ ಮೈಮೇಲೆ ಗಾಳಿಯ ತೇವ ಹನಿಗಟ್ಟಿ ಪೆಟ್ಟಿಗೆಯ ತಳಕ್ಕಿಳಿಯುತ್ತದೆ, ಹೊರಬರುವ ಗಾಳಿಯಲ್ಲಿ ತೇವ ಕಡಿಮೆ.

ಮಗನ ಆಸೆಗೆ ಉತ್ತರ: ಹಾಯಿ ಏರಿಸಿದಾಗ ಎಸಿ ಬೇಡ. ದೋಣಿ 15-20 ಡಿಗ್ರಿ ವಾಲಿದಾಗ ನೀರಿನ ತೊಟ್ಟಿ ಯಂತ್ರದೊಳಗಿನ ವಿದ್ಯುತ್ ಭಾಗಕ್ಕೇ ತುಳುಕಬಹುದು, ಕಂಪ್ರೆಸರಿನ ಎಣ್ಣೆ ಒಂದು ಬದಿಗೆ ಸರಿದು ಒಳಗಿನ ಭಾಗ ಒಣಗಿ ತಿರುಗುತ್ತದೆ. ಪೋರ್ಟೆಬಲ್ ಇದ್ದರೆ ಚಕ್ರ ಕಳಚಿ, ಆದಷ್ಟು ದೋಣಿಯ ನಡುವಿಗೆ, ಕೆಳಗೆ, ಬೆಲ್ಟಿನಿಂದ ಬಿಗಿಯಿರಿ. ಸುತ್ತಾಟದಲ್ಲಿ ಅಡ್ಡ ಮಲಗಿತ್ತೆಂದಾದರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟೇ ಸ್ವಿಚ್ ಹಾಕಿ. ವಿಂಡೋ ಎಸಿಯನ್ನು ಹೊರಡುವ ಮುನ್ನ ಹಲಗೆ ಸಮೇತ ಜೆಟ್ಟಿಗೆ ಇಳಿಸಿಬಿಡಿ.

ಉಪ್ಪುಗಾಳಿಯಲ್ಲಿ ಯಾವ ಎಸಿಯೂ ಮನೆಯಲ್ಲಿ ಬಾಳಿದಷ್ಟು ಬಾಳದು. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ತಾಗುವಲ್ಲಿ ಬಿಳಿ ಪುಡಿ ಏಳತೊಡಗಿದರೆ ಅದೇ ಶುರು. ಸುರುಳಿಗೆ ನೀಲಿ ಲೇಪನವಿರುವುದನ್ನೇ ಕೊಳ್ಳಿ, ಪ್ಲಗ್ ತೆಗೆದು ತಿಂಗಳಿಗೊಮ್ಮೆ ಬಿಸಿ ಸುರುಳಿಗೆ ಸಿಹಿನೀರು ಮೆಲ್ಲಗೆ ಹಾಯಿಸಿ. ಪತ್ತನಾಜೆಯ ಹೊತ್ತಿಗೆ (ಮೇ ಕೊನೆಗೆ), ಮಳೆ ಹಿಡಿಯುವ ಮುಂಚೆ, ಯಂತ್ರವನ್ನು ದೋಣಿಯಿಂದ ಮನೆಗೆ ತನ್ನಿ. ತೊಟ್ಟಿಯ ನೀರು ಬಸಿದು, ಬರೀ ಫ್ಯಾನಿನಲ್ಲಿ ಎರಡು ಗಂಟೆ ಓಡಿಸಿ ಒಣಗಿಸಿ, ಹಳೆಯ ಹತ್ತಿಬಟ್ಟೆ ಹೊದಿಸಿ ನೆಟ್ಟಗೆ ನಿಲ್ಲಿಸಿಡಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರಿ ಬೂಸು ಹಿಡಿಯುತ್ತದೆ.